ನಾಲ್ಕನೆಯ ಕಾಲಂ

ಕ್ಲಬ್ಬಿನ ರಜಿಸ್ಟರ್ ಬರಿಯೂದು ನನ್ನ ಕೆಲಸ.
ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಖು, ದೇಶ.

ಆವತ್ತು ಟ್ರಯಲ್ಸು. ಟಿಳಕವಾಡಿಯೊಳಗ ಜಿಟಿಜಿಟಿ ಮಳಿ.
ಕಿಡಕಿಯಿಂದ ನೋಡಿದೆ: ಪಾಳಿಯ ತುದಿಗೆ ಒಬ್ಬ,
ಬರಿಗಾಲು, ಬೂಟು ಕೊರಳಿಗೆ ಜೋತುಬಿಟ್ಟಾನ,
ಗುಂಗುರು ಕೂದಲದ ಮ್ಯಾಲ ಹನಿ ಕೂತಾವು, ಇಳಿದಿಲ್ಲ.
ಅಂವ ಒಳಗ ಬರೂದರೊಳಗ
ನಾ ನಾಲ್ಕನೆಯ ಕಾಲಂ ತುಂಬಿಬಿಟ್ಟಿದ್ದೆ:
ನೈಜೀರಿಯಾ.

ಅಕ್ಷರ ಚಂದ ಬಂದಿದ್ದವು.
ನನ್ನ ಅಕ್ಷರ ಎಲ್ಲಾರೂ ಹೊಗಳತಾರ.

ಪಾಸ್‌ಪೋರ್ಟ್ ಅಂದೆ, ಸಾವಕಾಶ,
ಕಿವುಡರ ಮುಂದ ಬಾಯಿ ತೆಗೆದಂಗ.
ಅಂವ ಚೀಲ ಬಿಚ್ಚಿದ. ಅದರಾಗೊಂದು ಚೀಲ.
ಅದರಾಗ ಮಡಚಿ ಮಡಚಿ ಮೆತ್ತಗಾದ ರೇಷನ್ ಕಾರ್ಡು.
'ಕೈತಾನ ಸಿದ್ದಿ ರೀ, ಖಾನಾಪುರ ತಾಲೂಕು.
ಲೋಂಡಾ ಗಾಡಿ ತಡಾ ಆತು, ತಪ್ಪು ತಿಳ್ಕೊಬ್ಯಾಡ್ರಿ.'
ನಮ್ಮ ಹೆಂಡತಿ ಅಣ್ಣ ಮಾತಾಡಿದಂಗ ಇತ್ತು.

ಮ್ಯಾನೇಜರ್ ಸಾಹೇಬರಿಗೆ ಖುಷಿ.
'ಇರಲಿ ಬಿಡ್ರಿ, ಯಾರಿಗೂ ಹೇಳಬ್ಯಾಡ್ರಿ,
ನೋಡಿದರ ಎದುರಿನವರು ಅಂಜತಾರ.
ಒಂದು ಫೋಟೊ ತಗೊಳ್ಳೂಣು, ನಡಕ್ಕ ಸೊಪ್ಪು ಕಟ್ಟಿ,
ಕೈಯಾಗ ಡೋಲು ಕೊಟ್ಟು.'
ಕೈತಾನ ಬೂಟಿನ ದಾರ ಬಿಗಿಯುತ್ತ ಅಂದ,
'ಸೊಪ್ಪು ನಮ್ಮ ಆಡು ತಿಂತಾವ್ರಿ.
ನಾ ಎಡಗಡೆ ಬ್ಯಾಕ್ ಆಡತೀನಿ.'

ಹಂಚಿನ ಭಟ್ಟಿಯಾಗ ಹತ್ತು ವರ್ಷ
ಮಣ್ಣು ತುಳಿದ ಕಾಲು ಅವು.
ಎಲ್ಲಿ ಹಸಿ, ಎಲ್ಲಿ ಜಾರತೈತಿ, ಎಲ್ಲಿ ನೆಲ ಸುಳ್ಳು ಹೇಳತೈತಿ,
ಹೆಬ್ಬೆರಳಿಗೆ ಗೊತ್ತು.
ಬಾಲಿನಕಿಂತ ಮೊದಲು ಅಂವ ಅಲ್ಲಿರತಿದ್ದ.

ಮೊದಲನೇ ಮ್ಯಾಚಿಗೆ ಗೋಲಿನ ಹಿಂದ ಕೂತ ಮಂದಿ
ಮಂಗ್ಯಾನ ದನಿ ತೆಗೆದರು.
ಅಪ್ಪಗ ಅವ್ವಗ ಹಚ್ಚಿ ಕನ್ನಡದಾಗ, ಮರಾಠಿಯೊಳಗ,
ಹೊಟ್ಟಿತುಂಬ ಬೈದರು, ನಕ್ಕರು.
ತಿಳಿಯೂದಿಲ್ಲ ಅನ್ನೂ ಧೈರ್ಯ.
ಬೈಗಳಕ್ಕ ಇದಕ್ಕಿಂತ ಸಸಾರ ಎಲ್ಲೈತಿ?
ನಾನೂ ಕೇಳಿದೆ. ರಜಿಸ್ಟರ್ ಮಡಿಲಾಗಿತ್ತು,
ಪೆನ್ನಿನ ಟೋಪಿ ಹಾಕಿದೆ, ತೆಗೆದೆ, ಹಾಕಿದೆ.

ಬಾಳೆಹಣ್ಣಿನ ಸಿಪ್ಪಿ ಬಂದು ಬಿತ್ತು.
ಅಂವ ಎತ್ತಿ ಗೆರೆಯಾಚೆ ಇಟ್ಟ,
ಯಾರರ ಜಾರಿ ಬಿದ್ದಾರು ಅಂತ ಇಟ್ಟಂಗ.

ಎಪ್ಪತ್ತನೇ ನಿಮಿಷಕ್ಕ ಎದುರಿನ ಹುಡುಗ
ಓಡಿ ಬಂದು ಡಿಕ್ಕಿ ಹೊಡೆದು ತಾನ ಉಳ್ಳಿದ.
ಎಲ್ಲಾರೂ ಎದ್ದು ನಿಂತರು, ಹೊಡೆದಾಟ ನೋಡಾಕ.
ಕೈತಾನ ಬಗ್ಗಿ ಅವನ ಮೊಣಕಾಲು ಹಿಡಿದ.
'ಎದಕ್ಕ ಹತ್ತಿತೋ ತಮ್ಮಾ? ಕಾಲು ಚಾಚು, ನೀರು ತರಲೇನು?'
ಆಮ್ಯಾಗ ಗೋಲಿನ ಕಡೆ ತಿರುಗಿ, ದನಿ ಏರಿಸದ,
'ಅಣ್ಣಾರ, ಆಗಳೆ ನಮ್ಮ ಅವ್ವಗ ಅಂದಿರಲ್ಲ,
ಆಕಿ ಹೆಸರು ಬಸ್ತಿನಿ.
ಇನ್ನ ಮುಂದ ಹೆಸರು ಹಿಡಿದು ಬೈರಿ.'

ಸ್ಟ್ಯಾಂಡಿನಾಗ ಶೇಂಗಾ ಸುಲಿಯೂ ಸಪ್ಪಳ ನಿಂತಿತು.
ಒಬ್ಬ ಕೆಮ್ಮಿದ. ಒಬ್ಬ ಎದ್ದು ಹೋದ,
ಚಾ ಕುಡಿಯಾಕ ಇರಬೇಕು.
ದೊಡ್ಡದೇನೂ ಆಗಲಿಲ್ಲ.
ಮ್ಯಾಚು ನಾವು ಸೋತಿವಿ, ಒಂದಕ್ಕ ಎರಡು.

ಆ ರಾತ್ರಿ ಬ್ಲೇಡ್ ತಗೊಂಡು
ನೈಜೀರಿಯಾ ಕೆರೆದೆ.
ಪಾಪ, ಆ ದೇಶದ್ದೇನು ತಪ್ಪು?
ಕೆರೆದಲ್ಲಿ ಕಾಗದ ತೆಳುವಾಗಿ
ಹಿಂದಿನ ಪುಟದ ಹೆಸರು ಕಂಡವು,
ಕಿಟವಾಡಕರ, ಪಟ್ಟಣಶೆಟ್ಟಿ, ಮುಜಾವರ.
ಯಾರಿಗೂ ನಾ ದೇಶ ಕೇಳಿರಲಿಲ್ಲ.
ಭಾರತ ಅಂತ ಬರೆದರ ಶಾಯಿ ಒಡೆದು
ನನ್ನ ಜೀವನದಾಗ ಅಷ್ಟು ಕೆಟ್ಟ ಅಕ್ಷರ ಬಿದ್ದಿರಲಿಲ್ಲ.

ಈಗ ಅಂವ ಸಂಬಳದ ಆಟಗಾರ, ಪೇಪರಿನಾಗ ಬರತಾನ.
ಹೋದ ರವಿವಾರ ಗೇಟಿನ ಹೊಸ ಕಾವಲುಗಾರ
ಮತ್ತ ತಡೆದನಂತ. ಯಾವ ದೇಶ?
ಸಂಗಾಟ ಅಕ್ಕನ ಮಗಳಿದ್ದಳು, ಹದಿಮೂರರಾಕಿ,
ಬಗಲಾಗ ಬಾಲು.
'ನಿಮ್ಮ ಬಾಜೂ ತಾಲೂಕಿನ ದೇಶ' ಅಂದಳಂತ.

ಬಾಗಿಲ ಹತ್ತಿರ ಹೆಜ್ಜಿ ಸಪ್ಪಳ.
ನಾ ತಲಿ ಎತ್ತಲಿಲ್ಲ.
ಹೊಸ ಪುಟ ತೆಗೆದೆ, ಪೆನ್ನು ಮೊದಲನೇ ಕಾಲಂ ಮ್ಯಾಲ ಇಟ್ಟು
ಕೇಳಿದೆ,
'ನಿನ್ನ ಹೆಸರೇನವಾ?'